ಪಾಠ ಪುಕ್ಕಟೆ ಅಂದಮೇಲೆ ದುಡ್ಡು ಕೇಳೋದು ಯಾಕೆ?

ಪ್ರಶ್ನೆ: ಬಿ.ಕಾಂ. ಮುಗಿಸಿ ಹದಿನೈದು ವರ್ಷವಾಯಿತು. ಈಗ ಪ್ರೋಗ್ರಾಮಿಂಗ್ ಕಲಿಯುವ ಆಸೆ. ಉಚಿತ ಅಂತ ಎನ್‌ಪಿಟೆಲ್ ಕೋರ್ಸ್‌ಗೆ ಸೇರಿದೆ. ಈಗ ಪರೀಕ್ಷೆಗೆ ಹಣ ಕಟ್ಟಿ ಅಂತ ಮೇಲ್ ಬಂದಿದೆ. ಕಟ್ಟದಿದ್ದರೆ ಪಾಠ ನಿಂತುಹೋಗುತ್ತಾ?

ಇಲ್ಲ, ನಿಲ್ಲುವುದಿಲ್ಲ. ವಿಡಿಯೊ ನೋಡಿ, ಅಸೈನ್‌ಮೆಂಟ್ ಮಾಡಿ, ಯಾರೂ ಕಾಸು ಕೇಳುವುದಿಲ್ಲ. ಏಳು ಐಐಟಿಗಳು ಮತ್ತು ನಮ್ಮ ಬೆಂಗಳೂರಿನ ಐಐಎಸ್‌ಸಿ ಸೇರಿ 2003ರಲ್ಲಿ ಕೇಂದ್ರ ಸರ್ಕಾರದ ಹಣದಲ್ಲಿ ಶುರು ಮಾಡಿದ ಆನ್‌ಲೈನ್ ಪಾಠಗಳ ಯೋಜನೆ ಈ ಎನ್‌ಪಿಟೆಲ್. ಅಂದರೆ ಪಾಠದ ಖರ್ಚು ನಮ್ಮ ತೆರಿಗೆಯಲ್ಲೇ ಹೋಗಿದೆ, ಅಲ್ವಾ?

ದುಡ್ಡು ಕೇಳುವುದು ಪರೀಕ್ಷೆಗೆ ಮಾತ್ರ. ಅದನ್ನು ಮನೆಯಲ್ಲಿ ಕೂತು ಬರೆಯುವ ಹಾಗಿಲ್ಲ. ಪರೀಕ್ಷಾ ಕೇಂದ್ರಕ್ಕೇ ಹೋಗಬೇಕು. ಈಚಿನ ವರ್ಷಗಳಲ್ಲಿ ಶುಲ್ಕ ಸಾವಿರ ರೂಪಾಯಿಯ ಆಸುಪಾಸಿನಲ್ಲಿದೆ. ಆದರೆ ಹಣ ಕಟ್ಟಿ ಪರೀಕ್ಷೆ ಬರೆದರಷ್ಟೇ ಸಾಲದು. ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75 ಅಂಕ. ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 30 ಬರಲೇಬೇಕು. ಕೊನೆಯಲ್ಲಿ ಓದಿಕೊಂಡರಾಯಿತು ಅಂತ ಅಸೈನ್‌ಮೆಂಟ್ ಬಿಟ್ಟವರಿಗೆ, ಪರೀಕ್ಷೆಯಲ್ಲಿ ಎಪ್ಪತ್ತು ಬಂದರೂ ಸರ್ಟಿಫಿಕೇಟ್ ಇಲ್ಲ.

ಕಾಲೇಜು ಒಪ್ಪಿದರೆ ಅಲ್ಲಿಯ ಮಕ್ಕಳಿಗೆ ಇದು ಡಿಗ್ರಿಗೆ ಸೇರುವ ಕ್ರೆಡಿಟ್ ಆಗಿ ಬರುತ್ತದೆ, ಹಾಗಾಗಿ ಅವರು ಕಟ್ಟುತ್ತಾರೆ. ನಿಮಗೆ ಬೇಕೇ ಬೇಕು ಅಂತೇನಿಲ್ಲ.

ಸರ್ಟಿಫಿಕೇಟ್ ಕೂಡ ಪುಕ್ಕಟೆ ಬೇಕು ಅಂದರೆ ಹಾರ್ವರ್ಡ್ ವಿಶ್ವವಿದ್ಯಾಲಯದ ಸಿಎಸ್50 ಅನ್ನೋ ಆನ್‌ಲೈನ್ ಕಂಪ್ಯೂಟರ್ ಕೋರ್ಸ್ ನೋಡಿ. ಡೇವಿಡ್ ಮಲಾನ್ ಪಾಠ ಮಾಡುತ್ತಾರೆ. ಈ ಕೋರ್ಸ್ ಸಿಗುವ ಎಡ್‌ಎಕ್ಸ್ ಜಾಲತಾಣದ ಸರ್ಟಿಫಿಕೇಟ್‌ಗೆ ಹಣ ಉಂಟು, ಸಿಎಸ್50ಯವರೇ ಕೊಡುವುದಕ್ಕೆ ಇಲ್ಲ. ಆದರೆ ಕೊಟ್ಟ ಕೆಲಸವನ್ನೆಲ್ಲ ಮಾಡಿ ಕಳಿಸಬೇಕು. ಶುರುವಿನ ಲೆಕ್ಕಗಳಲ್ಲೊಂದು, ಮಾರಿಯೋ ಆಟದಲ್ಲಿರುವಂಥ ಮೆಟ್ಟಿಲನ್ನು ಹ್ಯಾಷ್ (#) ಚಿಹ್ನೆಗಳಲ್ಲಿ ಮೂಡಿಸುವುದು. ಮೆಟ್ಟಿಲು ಬಲಕ್ಕೆ ಒತ್ತಿ ನಿಲ್ಲಬೇಕು. ನನ್ನದು ಎಡಕ್ಕೇ ಅಂಟಿಕೊಂಡಿತ್ತು. ಪ್ರತಿ ಸಾಲಿನಲ್ಲೂ ಮೊದಲು ಖಾಲಿ ಜಾಗವನ್ನು ಎಣಿಸಿ ಹಾಕಬೇಕು ಅಂತ ಹೊಳೆಯೋಕೆ ಒಂದಿಡೀ ಸಂಜೆ ಹಿಡಿಯಿತು. ವಿಡಿಯೊ ನೋಡುವಾಗ ಮಾತ್ರ ಎಲ್ಲ ಅರ್ಥವಾದ ಹಾಗೇ ಇತ್ತು!

ಅದಕ್ಕೇ ನಿಮಗೆ ಹೇಳುವುದಿಷ್ಟು: ಸುಮ್ನೆ ಇವತ್ತೇ ಹಣ ಕಟ್ಟಬೇಡಿ. ಕೊನೆ ದಿನಾಂಕವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ. ಅಷ್ಟರೊಳಗೆ ಬರುವ ಅಸೈನ್‌ಮೆಂಟ್‌ಗಳನ್ನು ಯಾರನ್ನೂ ಕೇಳದೆ ಮಾಡಿ, ಅಂಕ ನೋಡಿ, ಆಮೇಲೆ ನಿರ್ಧರಿಸಿ.