ಮಂಗಳವಾರದ ಚೀಟಿ: ಹದಿಹರೆಯದ ಮನಸ್ಸಿಗೆ ನೆರವು ಊರಿಗೆ ಬಂದ ದಾರಿ

ಎರಡು ವರ್ಷದ ಹಿಂದಿನ ಒಂದು ಮಂಗಳವಾರ ತಂಗಿಯ ಮಗಳನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಹದಿನೇಳು ವರ್ಷ, ದ್ವಿತೀಯ ಪಿಯುಸಿ. ಮೂರು ತಿಂಗಳಿಂದ ನಿದ್ದೆಯಿಲ್ಲ, ತಟ್ಟೆಯಲ್ಲಿ ಬಡಿಸಿದ್ದು ಹಾಗೇ ಉಳಿಯುತ್ತಿತ್ತು, ಪುಸ್ತಕ ತೆರೆದರೆ ಅಳು. ಚೀಟಿ ಕೌಂಟರಿನ ಕಿಂಡಿಯಾಚೆ ಕುಳಿತವರು ಗಟ್ಟಿಯಾಗಿ ಕೇಳಿದರು: "ಏನು ತೊಂದರೆ?" ಹಿಂದೆ ಇಪ್ಪತ್ತು ಜನರ ಸಾಲು. ಅದರಲ್ಲಿ ಅವಳ ಸಹಪಾಠಿಯೊಬ್ಬಳ ತಾಯಿಯೂ ಇದ್ದರು. "ತಲೆನೋವು" ಎಂದಳು. ಸಾಮಾನ್ಯ ವೈದ್ಯರಿಗೆ ಚೀಟಿ ಬರೆದುಕೊಟ್ಟರು.

"ದೊಡ್ಡಮ್ಮ, ಎಲ್ಲರ ಮುಂದೆ ಹೇಗೆ ಹೇಳಲಿ?" ಎಂದು ಆಮೇಲೆ ಕೇಳಿದಳು. ನಾನು ಮತ್ತೆ ಸಾಲಿನಲ್ಲಿ ನಿಂತು ಚೀಟಿ ಬದಲಾಯಿಸಿಕೊಂಡು ಬಂದೆ. ಮನೋವೈದ್ಯರ ಕೊಠಡಿ ಪಡಸಾಲೆಯ ಕೊನೆಯಲ್ಲಿತ್ತು. ಬಾಗಿಲ ಮೇಲೆ "ಮನೋರೋಗ ವಿಭಾಗ" ಎಂಬ ಫಲಕ. ಅಲ್ಲಿಗೆ ತಲುಪುವಷ್ಟರಲ್ಲಿ ಅವಳು ವೇಲನ್ನು ತಲೆಯ ಮೇಲೆ ಎಳೆದುಕೊಂಡಿದ್ದಳು. ಒಳಗಿದ್ದ ವೈದ್ಯರು ಅವಳೊಂದಿಗೆ ಇಪ್ಪತ್ತೈದು ನಿಮಿಷ ಮಾತನಾಡಿದರು, ಒಮ್ಮೆಯೂ ಗಡಿಯಾರ ನೋಡಲಿಲ್ಲ. ನೆರವು ಇತ್ತು, ಒಳ್ಳೆಯ ನೆರವೇ ಇತ್ತು. ನಮ್ಮ ಹಳ್ಳಿಯಿಂದ ಹನ್ನೆರಡು ಕಿಲೋಮೀಟರ್ ಬಸ್ಸಿನಲ್ಲಿ ಬಂದದ್ದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಕಿಂಡಿಯಿಂದ ಆ ಬಾಗಿಲವರೆಗಿನ ಮೂವತ್ತು ಹೆಜ್ಜೆ.

ಆ ಮೂವತ್ತು ಹೆಜ್ಜೆಗಳ ಹಿಂದೆ ಉದ್ದನೆಯ ಚರಿತ್ರೆಯಿದೆ. ಧಾರವಾಡದಲ್ಲಿ 1845ರಲ್ಲಿ, ಬೆಂಗಳೂರಿನಲ್ಲಿ 1847ರ ಸುಮಾರಿಗೆ ಶುರುವಾದ ಆಶ್ರಯಗಳು ಮನಸ್ಸು ಕೆಟ್ಟವರನ್ನು ಊರಿನಿಂದ ದೂರ ಇಡುವುದಕ್ಕೆಂದೇ ಹುಟ್ಟಿದವು. ಹುಚ್ಚುತನದ ಕುರಿತ 1912ರ ಕಾಯ್ದೆಯ ಕಾಲದಲ್ಲಿ ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಒಳಗೆ ಸೇರಿಸುವ ಪದ್ಧತಿಯಿತ್ತು. ಅಂದರೆ ಕಾಯಿಲೆಯವರ ಜೊತೆಗೆ ಕೋರ್ಟಿನ ನೆರಳೂ ಬರುತ್ತಿತ್ತು. ಬೆಂಗಳೂರಿನ ಸಂಸ್ಥೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಪಡೆಯಿತು, 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಹೆಸರು ಇಷ್ಟು ಸಲ ಬದಲಾದರೂ ಜನರ ಬಾಯಲ್ಲಿ ಅದು ಹುಚ್ಚಾಸ್ಪತ್ರೆಯಾಗಿಯೇ ಉಳಿಯಿತು. "ಇವನನ್ನು ಧಾರವಾಡಕ್ಕೇ ಕಳಿಸಬೇಕು" ಎಂಬ ಬೈಗುಳ ಉತ್ತರ ಕರ್ನಾಟಕದಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಮೊಮ್ಮಗಳನ್ನು ಮನೋವೈದ್ಯರ ಬಳಿ ಕರೆದೊಯ್ಯುತ್ತೇವೆ ಎಂದಾಗ ಅಜ್ಜಿ ಬೆಚ್ಚಿದರೆ ನಾನು ಅದನ್ನು ಮೌಢ್ಯ ಎನ್ನಲಾರೆ. ಆಕೆಗೆ ನೆನಪಿರುವುದು ಆ ಎತ್ತರದ ಗೋಡೆ.

ಗೋಡೆಯಾಚೆ ಬರುವ ಮೊದಲ ಗಟ್ಟಿ ಪ್ರಯತ್ನವೂ ನಮ್ಮ ನೆಲದಲ್ಲೇ ನಡೆಯಿತು ಎನ್ನುವುದು ಹೆಮ್ಮೆಯ ಮಾತು. 1975ರಲ್ಲಿ ನಿಮ್ಹಾನ್ಸ್ ಸಮುದಾಯ ಮಾನಸಿಕ ಆರೋಗ್ಯ ಘಟಕವನ್ನು ತೆರೆಯಿತು. ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಹಳ್ಳಿಗರ ನಡುವೆ ಕೆಲಸ ಶುರುವಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಕೆಲವು ವಾರ ತರಬೇತಿ ಕೊಟ್ಟು, ಬೆರಳೆಣಿಕೆಯ ಔಷಧಿಗಳನ್ನು ಅವರ ಕೈಗಿತ್ತರೆ ಬಹುಪಾಲು ರೋಗಿಗಳನ್ನು ಊರಿನಲ್ಲೇ ನೋಡಿಕೊಳ್ಳಬಹುದು ಎಂಬುದು ಅಲ್ಲಿನ ನಂಬಿಕೆ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಎಂಬತ್ತರ ದಶಕದ ನಡುವೆ ಆ ನಂಬಿಕೆಯನ್ನು ಬಳ್ಳಾರಿ ಜಿಲ್ಲೆಯಲ್ಲಿ ಪರೀಕ್ಷೆಗೆ ಒಡ್ಡಿದರು. ಅದು ಗೆದ್ದಿತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ದೇಶದ ಇತರೆಡೆ ಹರಡಲು ಹೊರಟಾಗ ಕಣ್ಣ ಮುಂದಿದ್ದದ್ದು ಬಳ್ಳಾರಿ ಮಾದರಿಯೇ. ಇಂದು ನಮ್ಮ ರಾಜ್ಯದಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಮನೋಚೈತನ್ಯ ಕ್ಲಿನಿಕ್ ಅದೇ ಬೇರಿನ ಚಿಗುರು.

ಆದರೆ ಬಳ್ಳಾರಿಯ ಎರಕ ಯಾರಿಗಾಗಿ ಹೊಯ್ದದ್ದು? ತೀವ್ರ ಮನೋರೋಗ, ಮೂರ್ಛೆ, ಬುದ್ಧಿಮಾಂದ್ಯ: ಮನೆಯವರಿಗೆ, ಊರವರಿಗೆ ಎದ್ದು ಕಾಣುವ ಕಾಯಿಲೆಗಳಿಗೆ. ಮನೋವೈದ್ಯರೇ ವಿರಳವಾಗಿದ್ದ ದಿನಗಳಲ್ಲಿ ಅದು ಸರಿಯಾದ ಆಯ್ಕೆ, ಅದನ್ನು ತಪ್ಪು ಎನ್ನುವ ಹಕ್ಕು ನನಗಿಲ್ಲ. ಆದರೆ ಸುಮ್ಮನೆ ಕೋಣೆ ಸೇರುವ ಹುಡುಗ, ಪರೀಕ್ಷೆಯ ಹಿಂದಿನ ರಾತ್ರಿ ಉಸಿರು ಕಟ್ಟಿದಂತಾಗುವ ಹುಡುಗಿ ಆ ಪಟ್ಟಿಯಲ್ಲಿ ಇರಲಿಲ್ಲ. ಅವರಿಗೆ ಬೇಕಾದದ್ದು ಹಲವು ಸಲ ಮಾತ್ರೆಯಲ್ಲ, ಮಾತು. ಶಾಲೆಯಲ್ಲಿ ಜೀವನ ಕೌಶಲ, ಕಾಲೇಜಿನಲ್ಲಿ ಆಪ್ತಸಮಾಲೋಚನೆ ಜಿಲ್ಲಾ ಕಾರ್ಯಕ್ರಮದ ಪಟ್ಟಿಗೆ ಸೇರಿದ್ದು ಬಹಳ ತಡವಾಗಿ, ಹನ್ನೊಂದನೇ ಪಂಚವಾರ್ಷಿಕ ಯೋಜನೆಯ ಕಾಲಕ್ಕೆ.

ಹತ್ತರಿಂದ ಹತ್ತೊಂಬತ್ತರ ವಯಸ್ಸಿನವರಿಗೆಂದು 2014ರ ಜನವರಿಯಲ್ಲಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾಯಿತು. ಹದಿಹರೆಯದವರ ಕ್ಲಿನಿಕ್‌ಗೆ ನಮ್ಮಲ್ಲಿ ಸ್ನೇಹ ಕ್ಲಿನಿಕ್ ಎಂಬ ಚೆಂದದ ಹೆಸರಿದೆ. ರಕ್ತಹೀನತೆ, ಮುಟ್ಟಿನ ತೊಂದರೆಯ ಜೊತೆಗೆ ಮನಸ್ಸಿನ ಮಾತನ್ನೂ ಅಲ್ಲಿ ಆಡಬಹುದು. ಆದರೆ ಆಸ್ಪತ್ರೆಯ ಹೊರರೋಗಿ ವೇಳೆಯೂ ತರಗತಿಯ ವೇಳೆಯೂ ಒಂದೇ. ಬರಬೇಕಾದರೆ ರಜೆ ಚೀಟಿ ಬೇಕು, ರಜೆ ಚೀಟಿಗೆ ಕಾರಣ ಬರೆಯಬೇಕು.

ನನಗೆ ಬಹಳ ಹಿಡಿಸಿದ್ದು ಯುವಜನರ ಮಾತು ಕೇಳಿ ದಾರಿ ತೋರುವ ಯುವ ಸ್ಪಂದನ ಕಾರ್ಯಕ್ರಮ. ಇದು ಆರೋಗ್ಯ ಇಲಾಖೆಯದಲ್ಲ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ಕಟ್ಟಿದ್ದು. ಅದರ ಕೇಂದ್ರಗಳನ್ನು ಇಟ್ಟದ್ದು ಜಿಲ್ಲಾ ಕ್ರೀಡಾಂಗಣಗಳಲ್ಲಿ. ಈ ಒಂದು ನಿರ್ಧಾರದ ಹಿಂದಿನ ತಿಳಿವಳಿಕೆಯನ್ನು ನೋಡಿ: ಕ್ರೀಡಾಂಗಣದ ಗೇಟಿನೊಳಗೆ ಹೋಗುವ ಹುಡುಗನನ್ನು "ಯಾಕೆ ಹೋಗಿದ್ದೆ?" ಎಂದು ಯಾರೂ ಕೇಳುವುದಿಲ್ಲ. ಓಡಲು ಹೋದ, ಕಬಡ್ಡಿ ನೋಡಲು ಹೋದ, ಮುಗಿಯಿತು. ಒಳಗೆ ಮಾತನಾಡಲು ತರಬೇತಾದವರಿರುತ್ತಾರೆ. ಊರೂರಿಗೆ ಹೋಗುವ ಅದರ ಕಾರ್ಯಕರ್ತರಾದ ಯುವ ಪರಿವರ್ತಕರೂ ಯುವಜನರೇ. ಓದು, ಕೆಲಸ, ಪ್ರೀತಿ, ಮನೆಯ ಜಗಳ, ಯಾವುದರಿಂದ ಬೇಕಾದರೂ ಮಾತು ಶುರುವಾಗಬಹುದು. ರೋಗ ಎಂಬ ಪದವನ್ನು ದಾಟಿ ಬರಬೇಕಾಗಿಲ್ಲ. ಸಕಲವಾರದ ದಿನಗಳಿಂದಲೂ ಬಾಗಿಲನ್ನು ಜನರ ಹತ್ತಿರ ತರುವ ಕೆಲಸ ನಡೆಯಿತು. ಇಲ್ಲಿ ಮಾತ್ರ ಆ ಬಾಗಿಲನ್ನು ಹುಡುಗರ ಕಣ್ಣಿನಿಂದ ನೋಡಿ ಇಟ್ಟಿದ್ದಾರೆ ಎನ್ನಿಸುತ್ತದೆ.

ಬೇಕಾದವರು ಎಷ್ಟು ಮಂದಿ? ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17ರ ವಯಸ್ಸಿನವರಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿದೆ. ಅರವತ್ತು ಮಕ್ಕಳ ತರಗತಿಯಲ್ಲಿ ನಾಲ್ವರು. ಮಹಾನಗರಗಳಲ್ಲಿ ಈ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿ. ಆ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ, ಪ್ರಾಯೋಗಿಕ ಸಮೀಕ್ಷೆ ಮಾತ್ರ ಕೋಲಾರದಲ್ಲಿ ನಡೆದಿತ್ತು.

ಕಾನೂನು ಈ ನಡುವೆ ದೊಡ್ಡ ಹೆಜ್ಜೆಯಿಟ್ಟಿತು. 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರ್ಕಾರಿ ನೆರವನ್ನು ಹಕ್ಕು ಎಂದು ಕರೆಯಿತು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು ಎಂದಿತು. ಪೊಲೀಸ್ ಕೇಸಿಗೆ ಹೆದರಿ "ತಿಳಿಯದೆ ಆಯಿತು" ಎಂದು ಆಸ್ಪತ್ರೆಯಲ್ಲಿ ಸುಳ್ಳು ಹೇಳುತ್ತಿದ್ದ ಕುಟುಂಬಗಳಿಗೆ ಈ ಕಲಂ ಎಷ್ಟು ದೊಡ್ಡ ಬಿಡುಗಡೆ ಎಂಬುದು ಅದನ್ನು ಅನುಭವಿಸಿದವರಿಗೆ ಗೊತ್ತು. ಮಗು ನಿಜ ಹೇಳಿದರೆ ತಾನೇ ಮುಂದಿನ ಆರೈಕೆ?

ಮಾತಿನ ಕೆಲಸವೂ ನಡೆದಿದೆ. ಮನಸ್ಸಿನ ಕಾಯಿಲೆಗಳನ್ನು ತಿಳಿಗನ್ನಡದಲ್ಲಿ ವಿವರಿಸುತ್ತಲೇ ಬಂದ ನಿಮ್ಹಾನ್ಸ್‌ನ ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ನಿವೃತ್ತಿಯ ನಂತರ ಬೆಂಗಳೂರಿನಲ್ಲಿ ಸಮಾಧಾನ ಎಂಬ ಉಚಿತ ಸಲಹಾ ಕೇಂದ್ರ ನಡೆಸಿದರು. ಆಪ್ತಸಮಾಲೋಚನೆ ಎಂಬ ಪದವೇ ನೋಡಿ, ಅದರಲ್ಲಿ ಆಪ್ತರಿದ್ದಾರೆ, ರೋಗಿಯಿಲ್ಲ. ತಾಲ್ಲೂಕು ಆಸ್ಪತ್ರೆಯ ಆ ಫಲಕದ ಮೇಲೆ ಈ ಪದವಿದ್ದಿದ್ದರೆ ನಮ್ಮ ಹುಡುಗಿ ವೇಲು ಎಳೆದುಕೊಳ್ಳುತ್ತಿರಲಿಲ್ಲವೇನೋ.

ಅವಳು ಸತತವಾಗಿ ಮೂರು ಮಂಗಳವಾರ ಹೋದಳು. ದಾದಿಯೊಬ್ಬರು ಅವಳ ಕಷ್ಟ ಅರ್ಥಮಾಡಿಕೊಂಡು, ಸಾಲಿನಲ್ಲಿ ನಿಲ್ಲದೆ ನೇರವಾಗಿ ತಮ್ಮ ಬಳಿ ಬರಲು ಹೇಳಿದರು. ನಾಲ್ಕನೆಯ ಮಂಗಳವಾರ ಪೂರ್ವಸಿದ್ಧತಾ ಪರೀಕ್ಷೆ. ಸೋಮವಾರ ಬರಲೇ ಎಂದು ಕೇಳಿದಳು. ಸೋಮವಾರ ಆ ಕೊಠಡಿಗೆ ಬೀಗ. ಆ ರಾತ್ರಿ ತಾರಸಿಯ ಮೇಲೆ ನಿಂತು 14416ಕ್ಕೆ ಕರೆ ಮಾಡಿದಳು. ಇದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಉಚಿತ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು, ಅಗತ್ಯವಿದ್ದರೆ ತಜ್ಞರಿಗೆ ದಾಟಿಸುತ್ತಾರೆ. ನಲವತ್ತು ನಿಮಿಷದ ನಂತರ ಕೆಳಗಿಳಿದು ಬಂದು ಅನ್ನ ಕೇಳಿದಳು.

ಈಗ ಅವಳು ಪದವಿ ಓದುತ್ತಿದ್ದಾಳೆ. ಅವಳ ತಮ್ಮ ಅದೇ ಪಿಯು ಕಾಲೇಜಿನಲ್ಲಿದ್ದಾನೆ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರೊಬ್ಬರಾದರೂ ಇರಲೇಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ಹೇಳಿದ ಮೇಲೆ, ಪೋಷಕರ ಸಭೆಯಲ್ಲಿ ನಾನೇ ಎದ್ದು ನಿಂತು ವಿಚಾರಿಸಿದೆ. ಒಬ್ಬ ಉಪನ್ಯಾಸಕರಿಗೆ ಆ ಹೊಣೆ ವಹಿಸಿದ್ದೇವೆ ಎಂದರು. ಒಳ್ಳೆಯ ಮನುಷ್ಯರು, ಮಕ್ಕಳ ಮೇಲೆ ಅಕ್ಕರೆಯೂ ಇದೆ. ಆದರೆ ಹಾಜರಾತಿ ಕಡಿಮೆಯಾದರೆ ಮನೆಗೆ ಫೋನ್ ಮಾಡುವವರೂ ಅವರೇ.