ಕಡಲ ತಳದ ಪ್ರಾಣಿಗಳು: ಮರಳು, ಕೆಸರು, ಉಸಿರು

ಗಂಗಾವತಿಯಲ್ಲಿ ಕೂತು ಕಡಲ ತಳದ ಪಾಠ ಓದುವುದು ಕಷ್ಟ, ಅಲ್ವಾ? ನನಗೆ ದಾರಿ ಸಿಕ್ಕಿದ್ದು ಎಡದಂಡೆ ಕಾಲುವೆಯಲ್ಲಿ. ಬೇಸಿಗೆಯಲ್ಲಿ ನೀರು ನಿಲ್ಲಿಸಿದಾಗ ಗುಂಡಿಯೊಂದರ ಕೆಸರು ಒಂದು ಹಿಡಿ ಎತ್ತಿದೆ. ಮೇಲೆ ತೆಳ್ಳಗೆ ಕಂದು ಪದರ, ಕೆಳಗೆಲ್ಲ ಕಪ್ಪು, ಕೊಳೆತ ಮೊಟ್ಟೆಯ ವಾಸನೆ. ಅದರಲ್ಲಿ ದಾರದೆಳೆಯಂಥ ಕೆಂಪು ಹುಳ ಹೊರಳಾಡುತ್ತಿತ್ತು. ಅದು ಕೈರೊನೊಮಸ್ ಎಂಬ ಕಚ್ಚದ ಸೊಳ್ಳೆಯ ಮರಿ. ಅದರ ಕೆಂಪು ಹಿಮೋಗ್ಲೋಬಿನ್‌ನದು, ಆಮ್ಲಜನಕ ಕಮ್ಮಿ ಇರುವ ಕೆಸರಲ್ಲಿ ಬದುಕಲು ಅದೇ ಆಸರೆ.

ಕಡಲಲ್ಲಿ ಪ್ರಾಣಿಗಳು ಬೇರೆ, ಲೆಕ್ಕ ಇದೇ. ನೀರು ಜೋರಾಗಿ ಓಡುವ ಕಡೆ ಸಣ್ಣ ಕಣ ನಿಲ್ಲುವುದಿಲ್ಲ, ಮರಳು ಉಳಿಯುತ್ತದೆ. ಮರಳಿನ ಸಂದಿಯಲ್ಲಿ ನೀರಾಡುವುದರಿಂದ ಉಸಿರಿಗೆ ತೊಂದರೆಯಿಲ್ಲ. ಆದರೆ ಆಹಾರ ತಳದಲ್ಲಿ ಕೂರದೆ ತೇಲಿಹೋಗುತ್ತದೆ, ಅದಕ್ಕೇ ಅಲ್ಲಿ ನೀರು ಸೋಸಿ ತಿನ್ನುವ ಚಿಪ್ಪಿನ ಪ್ರಾಣಿಗಳು ಜಾಸ್ತಿ. ನೀರು ನಿಧಾನವಾದ ಕಡೆ ನುಣ್ಣನೆ ಕೆಸರು ಕೂರುತ್ತದೆ, ಜೊತೆಗೆ ಊಟವೂ ಕೂರುತ್ತದೆ. ಅಲ್ಲಿ ಮಣ್ಣನ್ನೇ ನುಂಗುವ, ಮೈಮೇಲೆ ಬಿರುಗೂದಲಿರುವ ಪಾಲಿಕೀಟ್ ಹುಳಗಳ ರಾಜ್ಯ. ಇವು ಕೆಸರನ್ನು ಕೆದಕಿ ಕೆದಕಿ ಸಡಿಲ ಮಾಡುತ್ತವೆ, ಆಗ ಎದ್ದ ರಾಡಿ ಸೋಸಿ ತಿನ್ನುವವರ ಕಿವಿರಿಗೆ ಸಿಕ್ಕಿಕೊಳ್ಳುತ್ತದೆ. ಅಂದರೆ ತಳ ಪ್ರಾಣಿಗಳನ್ನು ಆರಿಸುತ್ತದೆ, ಪ್ರಾಣಿಗಳೂ ತಳವನ್ನು ಬದಲಿಸುತ್ತವೆ. ಈ ಎರಡನೇ ಭಾಗವನ್ನು ಬಹಳ ಜನ ಬರೆಯುವುದೇ ಇಲ್ಲ.

ಊಟ ಮಿತಿ ಮೀರಿದರೆ? ಅದನ್ನು ಕೊಳೆಯಿಸುವ ಬ್ಯಾಕ್ಟೀರಿಯಾ ಆಮ್ಲಜನಕವನ್ನೆಲ್ಲ ತಿಂದುಬಿಡುತ್ತವೆ. ಪಿಯರ್ಸನ್ ಮತ್ತು ರೋಸೆನ್‌ಬರ್ಗ್ ಎಂಬ ವಿಜ್ಞಾನಿಗಳು 1978ರಲ್ಲಿ ತೋರಿಸಿದ ಕ್ರಮ ಇದು: ಕೊಳಚೆ ಬೀಳುವ ಬಾಯಲ್ಲಿ ದೊಡ್ಡ ಪ್ರಾಣಿಗಳೇ ಇಲ್ಲ, ಸ್ವಲ್ಪ ದೂರದಲ್ಲಿ ಕ್ಯಾಪಿಟೆಲ್ಲಾದಂಥ ಒಂದೆರಡು ಜಾತಿಯ ಸಣ್ಣ ಹುಳ ಸಾವಿರಗಟ್ಟಲೆ, ಇನ್ನೂ ದೂರ ಹೋದರೆ ತರಾವರಿ ಜಾತಿಗಳು. ಬರೀ ತಲೆ ಎಣಿಸಿ ತಳ ಚೆನ್ನಾಗಿದೆ ಎಂದರೆ ತಪ್ಪು, ಎಷ್ಟು ಜಾತಿ ಇವೆ ಅಂತಲೂ ನೋಡಬೇಕು.

ಆಳ ಹೆಚ್ಚಿದಂತೆ ಜೀವ ಕಮ್ಮಿ ಅಂತ ಸುಮ್ನೆ ಬಾಯಿಪಾಠ ಮಾಡಬೇಡಿ. ಅರಬ್ಬಿ ಸಮುದ್ರದಲ್ಲಿ ಸುಮಾರು 150ರಿಂದ 1,000 ಮೀಟರ್ ನಡುವೆ ಆಮ್ಲಜನಕ ತೀರಾ ಕಮ್ಮಿ ಇರುವ ಪಟ್ಟಿ ಇದೆ. ಅದು ತಗಲುವ ತಳದಲ್ಲಿ ಜಾತಿಗಳು ಕೆಲವೇ, ಅದರ ಕೆಳಗೆ ಉಸಿರು ಸಿಕ್ಕಿದ ಮೇಲೆ ಮತ್ತೆ ಹೆಚ್ಚುತ್ತವೆ. ಮುಂಗಾರಿನಲ್ಲಿ ಕೆಳಗಿನ ನೀರು ಮೇಲೇಳುವಾಗ ನಮ್ಮ ಪಶ್ಚಿಮ ಕರಾವಳಿಯ ತಗ್ಗು ತಳಕ್ಕೂ ಈ ಉಸಿರುಗಟ್ಟುವ ನೀರು ಬರುತ್ತದೆ.

ಪ್ರಾಣಿಗಳನ್ನು ಎಣಿಸಲು ತಳದ ಮಣ್ಣನ್ನು ಸೋಸುವ ಜರಡಿಯ ವಿಷಯ ಮರೆಯಬೇಡಿ. ಕಣ್ಣಿಗೆ ಕಾಣುವಷ್ಟು ದೊಡ್ಡ ಪ್ರಾಣಿಗಳಿಗೆ ಸಾಮಾನ್ಯವಾಗಿ 0.5 ಮಿಲಿಮೀಟರ್ ಕಣ್ಣಿನ ಜರಡಿ. ಉಸಿರು ಕಮ್ಮಿ ಇರುವ ಕೆಸರಲ್ಲಿ ಕೊನೆತನಕ ತಾಳಿಕೊಳ್ಳುವ ನೆಮಟೋಡ್ ಎಂಬ ಪುಟಾಣಿ ಹುಳಗಳು ಅದರಲ್ಲಿ ಸೋರಿಹೋಗುತ್ತವೆ, ಅವನ್ನು ಹಿಡಿಯಲು ಇನ್ನೂ ಸಣ್ಣ ಕಣ್ಣಿನ ಜರಡಿಯೇ ಬೇಕು.