ಓದುಗರ ಪ್ರಶ್ನೆ: ಪಾಕಿಸ್ತಾನ ಬೇಡ ಅಂದ ಮುಸ್ಲಿಮರೂ ಇದ್ದರಾ?

ಪ್ರಶ್ನೆ: 1946ರ ಚುನಾವಣೆಯಲ್ಲಿ ಮುಸ್ಲಿಮರು ಮುಸ್ಲಿಂ ಲೀಗ್‌ಗೇ ಓಟು ಹಾಕಿದರು. ಅಂದಮೇಲೆ ದೇಶ ಒಡೆಯಲಿ ಅಂತ ಅವರೆಲ್ಲ ಬಯಸಿದ್ದರು ಅಂತಲೇ ಅಲ್ವಾ?

ಉತ್ತರ: ಓಟಿನ ಮಾತಿಗೆ ಆಮೇಲೆ ಬರೋಣ. ಮೊದಲು ಸಿಂಧ್‌ನ ಅಲ್ಲಾ ಬಕ್ಷ್ ಸೂಮ್ರೋ ಬಗ್ಗೆ ಹೇಳಬೇಕು. ನಮ್ಮ ಕಡೆ ಈ ಹೆಸರು ಕೇಳಿದವರೇ ಕಡಿಮೆ.

1940ರ ಮಾರ್ಚ್‌ನಲ್ಲಿ ಮುಸ್ಲಿಂ ಲೀಗ್ ಲಾಹೋರಿನಲ್ಲಿ ಮುಸ್ಲಿಮರಿಗೆ ಪ್ರತ್ಯೇಕ ನಾಡು ಬೇಕೆನ್ನುವ ಠರಾವು ಪಾಸು ಮಾಡಿತು. ಏಪ್ರಿಲ್ ಕೊನೆಗೆ ದೆಹಲಿಯಲ್ಲಿ ಅದಕ್ಕೆ ಎದುರಾಗಿ ಆಜಾದ್ ಮುಸ್ಲಿಂ ಸಮ್ಮೇಳನ ಸೇರಿತು. ಅಧ್ಯಕ್ಷರು ಸೂಮ್ರೋ. ಉಲೇಮಾಗಳ, ಅಂದರೆ ಧರ್ಮಪಂಡಿತರ, ಸಂಘಟನೆ ಜಮೀಯತ್, ನೇಕಾರರ ಮೋಮಿನ್ ಕಾನ್ಫರೆನ್ಸ್, ಪಂಜಾಬಿನ ಅಹ್ರಾರ್ ಪಕ್ಷದವರು ಎಲ್ಲರೂ ಬಂದಿದ್ದರು. ವಿರೋಧಿಸಿದವರು ಕಾಂಗ್ರೆಸ್‌ನ ನಾಲ್ಕು ಜನ ಅಂತ ಸುಮ್ನೆ ತಳ್ಳಿಹಾಕುವ ಹಾಗಿಲ್ಲ.

ಸೂಮ್ರೋ ಮುಂದೆ ಸಿಂಧ್‌ನ ಪ್ರೀಮಿಯರ್, ಅಂದರೆ ಈಗಿನ ಲೆಕ್ಕದಲ್ಲಿ ಮುಖ್ಯಮಂತ್ರಿ, ಆಗಿದ್ದಾಗ ಕ್ವಿಟ್ ಇಂಡಿಯಾ ಚಳವಳಿ ಶುರುವಾಯಿತು. ಸರ್ಕಾರದ ದಬ್ಬಾಳಿಕೆ ಸಹಿಸದೆ ಅವರು 'ಖಾನ್ ಬಹಾದೂರ್' ಬಿರುದನ್ನು ಬ್ರಿಟಿಷರಿಗೇ ವಾಪಸ್ ಕೊಟ್ಟರು. ಗವರ್ನರ್ ಅವರನ್ನು ಕುರ್ಚಿಯಿಂದಲೇ ಇಳಿಸಿದರು. 1943ರ ಮೇ 14ರಂದು ಶಿಕಾರ್‌ಪುರದಲ್ಲಿ ಟಾಂಗಾದಲ್ಲಿ ಹೋಗುತ್ತಿದ್ದಾಗ ಸೂಮ್ರೋ ಅವರನ್ನು ಹಂತಕರು ಗುಂಡಿಟ್ಟು ಕೊಂದರು.

ಇವರಷ್ಟೇ ಅಲ್ಲ. ದೇವಬಂದ್ ಮದರಸಾದ ಮುಖ್ಯಸ್ಥ ಮೌಲಾನಾ ಹುಸೇನ್ ಅಹ್ಮದ್ ಮದನಿ ವಾದಿಸಿದ್ದು ಧರ್ಮದ ಒಳಗಿನಿಂದಲೇ. ಪೈಗಂಬರರು ಮದೀನಾದಲ್ಲಿ ಯಹೂದಿಗಳನ್ನೂ ಸೇರಿಸಿಕೊಂಡು ಒಪ್ಪಂದ ಮಾಡಿದ್ದರು. ಹಾಗಿರುವಾಗ ಹಿಂದೂಗಳ ಜೊತೆ ಒಂದೇ ರಾಷ್ಟ್ರವಾಗಿ ಬಾಳುವುದಕ್ಕೆ ಏನಡ್ಡಿ ಅನ್ನೋದು ಅವರ ವಾದ.

ಈಗ ಓಟು. ಲೀಗ್ ಗೆದ್ದಿದ್ದು ನಿಜ, ಚೆನ್ನಾಗಿಯೇ ಗೆದ್ದಿತು. ಕೇಂದ್ರ ಶಾಸನಸಭೆಯ 30 ಮುಸ್ಲಿಂ ಸೀಟೂ ಅದಕ್ಕೇ ಬಂದವು. ಆದರೆ ಓಟು ಇದ್ದದ್ದು ಆಸ್ತಿ, ತೆರಿಗೆ, ಓದು ಇದ್ದವರಿಗೆ. ಕೂಲಿಯವರು, ಬಡ ನೇಕಾರರು, ಹೆಂಗಸರಲ್ಲಿ ಬಹುಪಾಲು ಜನ ಲೆಕ್ಕಕ್ಕೇ ಬರಲಿಲ್ಲ. ಅವರು ಏನು ಹೇಳುತ್ತಿದ್ದರು ಅಂತ ಯಾರೂ ಕೇಳಲಿಲ್ಲ. ಅದಕ್ಕೇ 'ಎಲ್ಲರೂ' ಅನ್ನುವ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ.

ಇನ್ನೊಂದು ಮಾತು. ಮುಸ್ಲಿಮರೇ ತುಂಬಿದ್ದ ವಾಯವ್ಯ ಗಡಿ ಪ್ರಾಂತ್ಯದಲ್ಲಿ ಅದೇ 1946ರಲ್ಲಿ ಗೆದ್ದದ್ದು ಕಾಂಗ್ರೆಸ್: 50ರಲ್ಲಿ 30 ಸೀಟು. ಮರುವರ್ಷ ಅಲ್ಲಿ ಜನಮತ ಕೇಳಿದಾಗ ಇದ್ದದ್ದು ಎರಡೇ ಆಯ್ಕೆ, ಭಾರತ ಇಲ್ಲವೇ ಪಾಕಿಸ್ತಾನ. ಪಠಾಣರದ್ದೇ ನಾಡು ಬೇಕೆಂದು ಕೇಳಿದ್ದ ಖಾನ್ ಅಬ್ದುಲ್ ಗಫಾರ್ ಖಾನ್ ಮತ್ತವರ ಸಂಘಟನೆಯಾದ ಖುದಾಯಿ ಖಿದ್ಮತ್‌ಗಾರರು ಮತಗಟ್ಟೆ ಕಡೆ ಸುಳಿಯಲಿಲ್ಲ. ಆಮೇಲೆ ಪಾಕಿಸ್ತಾನದ ಜೈಲುಗಳಲ್ಲೇ ಅವರು ವರ್ಷಗಟ್ಟಲೆ ಕಳೆದರು.